ಬೆಂಚಿನ ಆ ತುದಿ

ಎಲಿಗಿಯೊ ಬ್ರಾಸೊಬಾನ್ ಇನ್ನು ಮೇಲೆ ಮೊದಲ ಸುತ್ತಿನಿಂದಲೇ ಚೆಂಡೆಸೆಯುತ್ತಾನೆ ಎಂದು ದೋನ್ ಇಲಾರಿಯೊ ಹೇಳಿದ ದಿನ ಪ್ಲಾಯಾ ಓಂದಾದ ಅರ್ಧ ಊರು ನಕ್ಕಿತು. ನಗದೆ ಇನ್ನೇನು ಮಾಡೀತು? ಬೇಸ್‌ಬಾಲ್ ಆಟ ಒಂಬತ್ತು ಸುತ್ತು. ಎಲಿಗಿಯೊ ಅಷ್ಟು ವರ್ಷ ಎಂಟನೆಯದೋ ಒಂಬತ್ತನೆಯದೋ ಸುತ್ತಿಗೆ ಬಂದು, ಬೆನ್ನು ಬೆವರುವ ಮುಂಚೆ ಕೆಲಸ ಮುಗಿಸಿ, ಚಪ್ಪಾಳೆ ತೆಗೆದುಕೊಂಡು ಮನೆಗೆ ಹೋದವನು. ಮದುವೆ ಮನೆಗೆ ಊಟದ ಹೊತ್ತಿಗೆ ಸರಿಯಾಗಿ ಬರುವ ನೆಂಟ ಅಂತ ಡೊಮಿನೊ ಆಡುವ ಮುದುಕರು ಅವನನ್ನು ಆಡಿಕೊಳ್ಳುತ್ತಿದ್ದರು. ಅಂಥವನು ಮೊದಲಿಂದ ನಿಂತು ಆರು ಏಳು ಸುತ್ತು ಎಸೆಯುವುದೆಂದರೆ, ಆ ನೆಂಟನ ತಲೆಗೇ ಮದುವೆ ಕಟ್ಟಿದ ಹಾಗಾಯಿತು.

ಊರಿನ ಪೆಲಿಕನ್ ತಂಡದಲ್ಲಿ ಮೊದಲಿಂದ ಎಸೆಯುವ ಪಿಚರುಗಳು ಐವರು. ದಿನಕ್ಕೊಬ್ಬರಂತೆ ಸರದಿ. ಐದನೆಯವನು ಭುಜ ಕೆಡಿಸಿಕೊಂಡು ಮನೆಯಲ್ಲಿ ಕೂತ. ಇತ್ತ ಎಲಿಗಿಯೊನ ಚೆಂಡಿನ ವೇಗ ಇಳಿದಿತ್ತು. ಕೊನೆ ಸುತ್ತಿನಲ್ಲಿ ಬೇಕಾದ ಉರಿ ಆ ತೋಳಲ್ಲಿ ಇರಲಿಲ್ಲ. ಆ ಕೆಲಸಕ್ಕೆ ಪ್ಲಾಸಿದೊ ಅನ್ನುವ ಹೊಸಬ ಆಗಲೇ ಬಂದಿದ್ದ. ತಂಡವನ್ನು ನಡೆಸುವ ದೋನ್ ಇಲಾರಿಯೊ ಮಾತಿಗೆ ಸಕ್ಕರೆ ಹಚ್ಚುವ ಮನುಷ್ಯನಲ್ಲ. ಸರದಿಯಲ್ಲಿ ನಿಂತರೆ ತಂಡದಲ್ಲಿ ಇರುತ್ತೀಯ, ಇಲ್ಲದಿದ್ದರೆ ಕ್ರಿಸ್‌ಮಸ್ ಹೊತ್ತಿಗೆ ನಿನ್ನ ಭಾವಮೈದುನನ ಮೋಟಾರು ರಿಪೇರಿ ಅಂಗಡಿಯಲ್ಲಿ ಸ್ಪ್ಯಾನರ್ ಹಿಡಿದಿರುತ್ತೀಯ ಅಂದುಬಿಟ್ಟರು. ಎಲಿಗಿಯೊ ಹೂಂ ಅಂದ. ಬೇರೆ ದಾರಿ ಎಲ್ಲಿತ್ತು?

ಅವನಿಗೆ ಭಯ ಇದ್ದದ್ದು ತೋಳಿನದಲ್ಲ, ಬೆಂಚಿನದು. ಕೊನೆ ಸುತ್ತಿಗೆ ಬರುವವರು ಕೂರುವುದು ಮೈದಾನದ ಆಚೆ ಬೇಲಿ ಪಕ್ಕ. ಅದನ್ನು ದೊಡ್ಡಿ ಅಂತಲೇ ಕರೆಯುವುದು. ಅಲ್ಲಿ ಕಡಲೆಕಾಯಿ, ಪೋಲಿ ಜೋಕು, ಹಿಂದಿನ ಸಾಲಿನ ಪ್ರೇಕ್ಷಕರ ಬೈಗುಳ ಎಲ್ಲ ಧಾರಾಳ. ಮೊದಲಿಂದ ಎಸೆಯುವವನದು ಬೇರೆ ಬಾಳು. ಅವನು ಅರ್ಧ ಸುತ್ತು ಎಸೆದು ಬಂದು, ತನ್ನವರು ಬ್ಯಾಟು ಹಿಡಿದಿರುವಷ್ಟು ಹೊತ್ತು ತಂಡದ ಬೆಂಚಿನ ಒಂದು ತುದಿಯಲ್ಲಿ ಕೂರಬೇಕು. ಪ್ಲಾಯಾ ಓಂದಾದ ಬೆಂಚಿನ ಆ ತುದಿ ಮಾರ್ಸಿಯಾನೊ ಮಾಞೋನ್‌ನ ಜಾಗವಾಗಿತ್ತು. ಮಾರ್ಸಿಯಾನೊ ಸತ್ತದ್ದು ಅಲ್ಲಿಯೇ.

ಮಾರ್ಸಿಯಾನೊ ತಂಡದ ದೊಡ್ಡ ಪಿಚರ್, ಎಲಿಗಿಯೊನ ಮಗಳಿಗೆ ಜ್ಞಾನಸ್ನಾನದಲ್ಲಿ ತಂದೆಯ ಸ್ಥಾನದಲ್ಲಿ ನಿಂತವನು. ಹಾಗಾಗಿ ಇಬ್ಬರೂ ಕಂಪಾದ್ರೆಗಳು, ಹೆಂಡತಿಯರು ಕಮಾದ್ರೆಗಳು. ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು. ಮಾರ್ಸಿಯಾನೊ ಏಳು ಸುತ್ತು ಎಸೆದು ದಣಿದರೆ, ಉಳಿದದ್ದನ್ನು ಎಲಿಗಿಯೊ ಬಂದು ಮುಗಿಸುತ್ತಿದ್ದ. ಒಬ್ಬ ಗೋಡೆ ಕಟ್ಟುವವನು, ಇನ್ನೊಬ್ಬ ಮಾಡು ಹೊದಿಸುವವನು.

ಹೋದ ವರ್ಷದ ಆ ಮಧ್ಯಾಹ್ನ ಮಾರ್ಸಿಯಾನೊ ಏಳು ಸುತ್ತಾದರೂ ಎದುರಾಳಿಗೆ ಒಂದೇ ಒಂದು ಹಿಟ್ ಬಿಟ್ಟಿರಲಿಲ್ಲ, ಅಂದರೆ ಅವನ ಚೆಂಡು ಹೊಡೆದು ಯಾರೂ ಮೊದಲ ಬೇಸು ಮುಟ್ಟಿರಲಿಲ್ಲ. ಅಂಥ ಹೊತ್ತಿಗೆ ಈ ಆಟದಲ್ಲಿ ಒಂದು ಕಟ್ಟಳೆ ಇದೆ. ಪಿಚರ್ ಹತ್ತಿರ ಯಾರೂ ಕೂರಕೂಡದು, ಮಾತಾಡಿಸಕೂಡದು, ಕಣ್ಣಿಗೆ ಕಣ್ಣು ಕೊಡಕೂಡದು. 'ಹಿಟ್ ಆಗಿಲ್ಲ' ಅನ್ನುವ ಮಾತಂತೂ ಬಾಯಿಗೆ ಬರಲೇಬಾರದು. ಬಂದರೆ ಮುಂದಿನ ಚೆಂಡಿಗೇ ಕೆಟ್ಟಿತು ಅಂತ ಲೆಕ್ಕ. ರೇಡಿಯೊದಲ್ಲಿ ಹರಟುವವನು ಕೂಡ 'ಏನು ನಡೀತಿದೆ ಅಂತ ನಿಮಗೇ ಗೊತ್ತಲ್ಲ' ಅಂತ ಸುತ್ತಿ ಬಳಸಿ ಹೇಳುತ್ತಾನೆ. ಮೂಢನಂಬಿಕೆ ಅಂತೀರಾ? ಅನ್ನಿ. ಅಂದವರು ಒಂದು ಸಲ ಆ ಬೆಂಚಿನಲ್ಲಿ ಕೂತು ಬಾಯಿ ಬಿಟ್ಟು ನೋಡಿ.

ಏಳನೇ ಸುತ್ತು ಮುಗಿಸಿ ಬಂದ ಮಾರ್ಸಿಯಾನೊ ಬೆನ್ನು ಹಿಡಿದಿದೆ, ಸಾಕು ಅಂದ. ದೋನ್ ಇಲಾರಿಯೊ ದೊಡ್ಡಿಯಿಂದ ಎಲಿಗಿಯೊನನ್ನು ಕರೆಸಿದರು. ಚೆಂಡು ಕೈ ಬದಲಾದರೂ ಕಟ್ಟಳೆ ಬದಲಾಗದು. ಹಿಟ್ ಇನ್ನೂ ಆಗಿರಲಿಲ್ಲವಲ್ಲ. ಮಾರ್ಸಿಯಾನೊ ತಲೆ ಮೇಲೆ ಟವಲು ಹಾಕಿಕೊಂಡು ತನ್ನ ತುದಿಯಲ್ಲಿ ಕೂತ. ಉಳಿದವರೆಲ್ಲ ಆ ಕಡೆ ಒತ್ತಿಕೊಂಡು, ಅವನಿಗೆ ಬೆನ್ನು ಹಾಕಿ ಕೂತರು. ಎಲಿಗಿಯೊ ಎಂಟು ಎಸೆದ, ಒಂಬತ್ತು ಎಸೆದ, ಹಿಟ್ ಆಗಲಿಲ್ಲ. ಎಲ್ಲರೂ ಅಪ್ಪಿಕೊಂಡು ಕುಣಿದು ಕಿರುಚಿ ಮಾರ್ಸಿಯಾನೊ ಕಡೆ ಓಡಿದರು. ಟವಲು ತೆಗೆದರೆ ಆಸಾಮಿ ಇಲ್ಲ. ಹೃದಯ ನಿಂತಿತ್ತು. ಒಂದು ಗಳಿಗೆ ಮುಂಚೆ ತಂದಿದ್ದರೆ ನೋಡಬಹುದಿತ್ತು ಅಂತ ಡಾಕ್ಟರು ಹೇಳಿ ಕೈ ತೊಳೆದರು.

ಇಷ್ಟು ಊರಿಗೆ ಗೊತ್ತು. ಊರಿಗೆ ಗೊತ್ತಿಲ್ಲದ್ದು ಎಲಿಗಿಯೊನ ಎದೆಯಲ್ಲಿತ್ತು. ಎಂಟನೇ ಸುತ್ತು ಮುಗಿಸಿ ಅವನು ಬೆಂಚಿಗೆ ಬಂದಾಗ ಮಾರ್ಸಿಯಾನೊ ಟವಲಿನ ಕೆಳಗಿಂದ ಕೈ ಎತ್ತಿದ್ದ. ಎಲಿಗಿಯೊ ಅದನ್ನು ಕಣ್ಣಾರೆ ನೋಡಿದ. ನೋಡಿ, ಈಗ ಮಾತಾಡಿಸಿದರೆ ಅವನ ಆಟ ಕೆಟ್ಟೀತು, ಕಂಪಾದ್ರೆಗೆ ನಾನೇ ಕೇಡು ಬಗೆದ ಹಾಗಾದೀತು ಅಂದುಕೊಂಡು ಮುಖ ತಿರುಗಿಸಿದ. ಪ್ರೀತಿಯಿಂದಲೇ ತಿರುಗಿಸಿದ. ಅದೇ ಅವನನ್ನು ತಿನ್ನುತ್ತಿದ್ದದ್ದು.

ವರ್ಷ ತುಂಬಿದ ದಿನ ಮಾರ್ಸಿಯಾನೊನ ಹೆಂಡತಿ ದಾಮಾರಿಸ್ ಮನೆಯಲ್ಲಿ ಪ್ರಾರ್ಥನೆ ಇಟ್ಟಿದ್ದಳು. ಬಿಳಿ ಬಟ್ಟೆ ಹಾಸಿದ ಮೇಜು, ಫೋಟೊ, ಮೇಣದಬತ್ತಿ, ಅಂಗಳದಲ್ಲಿ ಮಾಂಸ ಗೆಡ್ಡೆಗಳ ಸಾರು ಸಾಂಕೋಚೊ ಕುದಿಯುವ ಕಡಾಯಿ. ಸತ್ತವನನ್ನು ಅಂದು ಕಳಿಸಿಕೊಡಬೇಕು, ಆಮೇಲೆ ಅವನು ಮನೆ ಸುತ್ತಬಾರದು. ಜಪ ಹೇಳುವ ಮುದುಕಿಯರು ಶುಂಠಿ ಚಹಾ ಕುಡಿದು ಎದ್ದ ಮೇಲೆ ದಾಮಾರಿಸ್ ಎಲಿಗಿಯೊನ ಪಕ್ಕ ಬಂದು ಕೂತಳು.

"ಕಂಪಾದ್ರೆ, ಒಂದು ಕೇಳ್ತೀನಿ. ಕೊನೇಲಿ ಅವರು ಯಾರನ್ನಾದ್ರೂ ಕರೆದ್ರಾ?"

"ಇಲ್ಲ ಕಮಾದ್ರೆ. ನಿದ್ದೇಲಿ ಹೋದ ಹಾಗೆ ಹೋದ."

ಅವಳು ತಲೆಯಾಡಿಸಿದಳು. ನಂಬಿದಳೋ ಬಿಟ್ಟಳೋ, ಅವನಿಗೆ ತಿಳಿಯಲಿಲ್ಲ. ಅಂದು ಬಡಿಸಿದ ಸಾಂಕೋಚೊವನ್ನು ಅವನು ಹಾಗೆಯೇ ಬಿಟ್ಟು ಎದ್ದ.

ಅದಾದ ಮೇಲೆ ಸರದಿಗೆ ತಯಾರಿ ನಡೆಯಿತು. ಕ್ಯಾಚರ್ ತಿಬುರ್ಸಿಯೊ, ಚೆಂಡು ಹಿಡಿದು ಹಿಡಿದು ಬೆರಳೆಲ್ಲ ಸೊಟ್ಟಗಾದ ದಢೂತಿ ಮನುಷ್ಯ, ದಿನಾ ಬೆಳಿಗ್ಗೆ ಅವನನ್ನು ನಿಲ್ಲಿಸಿಕೊಂಡು ಎಸೆಸಿದ. ಇದ್ದ ಖಾರವನ್ನೆಲ್ಲ ಮೊದಲ ಸುತ್ತಿಗೇ ಸುರಿಯಬೇಡ, ಉಳಿಸಿಕೋ ಅಂತ ಬೈದ. ನೀನು ಇಷ್ಟು ವರ್ಷ ಒಬ್ಬನಿಗೆ ಒಂದು ಸಲ ಮುಖ ತೋರಿಸಿ ಓಡಿಹೋದವನು, ಈಗ ಅದೇ ಬ್ಯಾಟಿನವನು ಮೂರು ಸಲ ಎದುರು ಬರುತ್ತಾನೆ, ನಿಧಾನದ ಚೆಂಡನ್ನು ಮೂರನೇ ಸಲಕ್ಕೆ ಬಚ್ಚಿಟ್ಟುಕೋ ಅಂದ. ತೋಳು ಒಗ್ಗಿತು. ಉಸಿರೂ ಒಗ್ಗಿತು. ಇವ ನಿಲ್ಲುತ್ತಾನೆ ಅಂತ ತಿಬುರ್ಸಿಯೊ ದೋನ್ ಇಲಾರಿಯೊಗೆ ಮಾತು ಕೊಟ್ಟ.

ಮೊದಲ ಆಟದ ದಿನ ಎಲಿಗಿಯೊ ಬೆಂಚಿನ ಮಧ್ಯೆ ಕೂರಲು ಹೋದರೆ ಹುಡುಗರು ಜಾಗ ಕೊಡಲಿಲ್ಲ. ನಿನ್ನ ಜಾಗ ಅದಲ್ಲವಾ ಅಂತ ತುದಿ ತೋರಿಸಿದರು. ಕೂತ. ಎರಡು ಸುತ್ತು ಹಿಟ್ ಇಲ್ಲದೆ ಹೋಯಿತು. ಇಷ್ಟು ಬೇಗ ಕಟ್ಟಳೆಯ ಮಾತೇನೂ ಇಲ್ಲ, ಆದರೂ ಪಕ್ಕದವನು ಒಂದಿಷ್ಟು ಸರಿದು ಕೂತ. ಆಗ ಎಲಿಗಿಯೊಗೆ ಎಡಗಡೆಯಿಂದ ಉಸಿರು ಕೇಳಿಸಿತು. ಒದ್ದೆ ಬಟ್ಟೆಯ ಒಳಗಿಂದ ಎಳೆಯುವ, ಅರ್ಧಕ್ಕೆ ನಿಂತು ಮತ್ತೆ ಎಳೆಯುವ ಉಸಿರು. ತಿರುಗಿ ನೋಡಿದ. ಎಡಗಡೆ ಗೋಡೆ ಮಾತ್ರ ಇತ್ತು. ಮೂರನೇ ಸುತ್ತಿಗೆ ಎಸೆಯುವ ದಿಬ್ಬ ಹತ್ತಿದವನ ಹಿಡಿತ ತಪ್ಪಿ, ಎಸೆದ ಚೆಂಡೆಲ್ಲ ಎದುರಾಳಿಗೆ ಹಬ್ಬವಾಯಿತು. ದೋನ್ ಇಲಾರಿಯೊ ಬಂದು ಚೆಂಡು ಕಿತ್ತುಕೊಂಡರು. ಡೊಮಿನೊ ಮುದುಕರಿಗೆ ಒಂದು ವಾರಕ್ಕೆ ಬೇಕಾದಷ್ಟು ಮೇವು ಸಿಕ್ಕಿತು.

ಎರಡನೇ ಆಟದಲ್ಲಿ ಮೊದಲ ಬ್ಯಾಟಿನವನೇ ಹಿಟ್ ಹೊಡೆದ. ಹೊಡೆದದ್ದೇ ತಡ, ಎಲಿಗಿಯೊನ ಮೈ ಹಗುರಾಯಿತು. ಬೆಂಚಿಗೆ ಬಂದರೆ ವಾಚಾಳಿ ರಾದಾಮೆಸ್ ಪಕ್ಕದಲ್ಲೇ ಕೂತು ತನ್ನ ಅತ್ತೆಯ ಹುಂಜದ ಕತೆ ಶುರುಮಾಡಿದ. ರಾದಾಮೆಸ್ ಎರಡನೇ ಬೇಸಿನ ಕಾವಲುಗಾರ. ಮೈದಾನದಲ್ಲೂ ಬಾಯಿ ಮುಚ್ಚುವ ಪೈಕಿ ಅಲ್ಲ. ಎಡಗಡೆ ಉಸಿರೂ ಇಲ್ಲ, ಗಿಸಿರೂ ಇಲ್ಲ. ಎಲಿಗಿಯೊ ಆರು ಸುತ್ತು ಎಸೆದು ಗೆದ್ದ. ಗುಟ್ಟು ಅವನಿಗೆ ತಿಳಿಯಿತು: ಒಂದು ಹಿಟ್ ಬಿಟ್ಟುಕೊಟ್ಟರೆ ಜನ ಹತ್ತಿರ ಇರುತ್ತಾರೆ. ಜನ ಇದ್ದರೆ ಮಾರ್ಸಿಯಾನೊ ಬರುವುದಿಲ್ಲ.

ಮೂರನೇ ಆಟ ಭಾನುವಾರ ಮಧ್ಯಾಹ್ನ. ಇದೊಂದು ಗೆದ್ದರೆ ಸರದಿ ನಿನ್ನದೇ, ಈ ಋತುವಿಡೀ ಯಾರೂ ಮುಟ್ಟುವುದಿಲ್ಲ ಅಂತ ದೋನ್ ಇಲಾರಿಯೊ ಬೆಳಿಗ್ಗೆಯೇ ಹೇಳಿದ್ದರು. ಎಲಿಗಿಯೊ ಮನೆಯಲ್ಲಿ ಬಾಳೆಕಾಯಿ ಬೇಯಿಸಿ ಹಿಸುಕಿದ ಮಂಗೂವನ್ನು ಹುರಿದ ಚೀಸಿನ ಜೊತೆ ಹೊಟ್ಟೆ ತುಂಬಾ ತಿಂದು, ಒಂದು ಹಿಟ್ ಬೇಗ ಹೊಡೆಸಪ್ಪಾ ದೇವರೇ ಅಂತ ಬೇಡಿಕೊಂಡು ಬಂದ. ಹಿಟ್ ಬೇಡ ಅನ್ನುವ ಪಿಚರುಗಳ ಮೊರೆ ಕೇಳಿ ಕೇಳಿ ಅಭ್ಯಾಸವಾದ ದೇವರು ಇದನ್ನೂ ಹಾಗೆಯೇ ತಿಳಿದನೋ ಏನೋ. ಮೂರು ಸುತ್ತಾಯಿತು, ನಾಲ್ಕಾಯಿತು, ಹಿಟ್ ಇಲ್ಲ.

ಐದನೇ ಸುತ್ತಿನ ಹೊತ್ತಿಗೆ ರಾದಾಮೆಸ್ ಹುಂಜದ ಕತೆ ಅರ್ಧಕ್ಕೆ ನಿಲ್ಲಿಸಿ ಆಚೆ ಸರಿದ. ಬಾರೋ, ಕೂತ್ಕೋ, ಆಮೇಲೇನಾಯ್ತು ಹುಂಜಕ್ಕೆ ಅಂತ ಎಲಿಗಿಯೊ ಕರೆದ. ರಾದಾಮೆಸ್ ಕೇಳಿಸದವನಂತೆ ಶೂ ದಾರ ಕಟ್ಟಿದ. ಒಬ್ಬೊಬ್ಬರಾಗಿ ಎಲ್ಲರೂ ಆ ತುದಿಗೆ ಹೋದರು. ಅವರ ಬೆನ್ನುಗಳು ಸಾಲಾಗಿ ಕಂಡವು. ಗ್ಯಾಲರಿಯ ತಮಟೆಯೂ ನಿಂತಿತು. ಆಗ ಎಡಗಡೆ ಉಸಿರು ಶುರುವಾಯಿತು.

ಆರನೇ ಸುತ್ತಿನಲ್ಲಿ ಎಲಿಗಿಯೊ ಮಾಡಬಾರದ್ದನ್ನು ಮಾಡಿದ. ಎದುರು ನಿಂತ ಧಾಂಡಿಗನಿಗೆ ಬೇಕೆಂದೇ ನಡುವಿಗೆ ಒಂದು ಸಾದಾ ಚೆಂಡು ಎಸೆದ, ಮಗುವಿಗೆ ಎಸೆದ ಹಾಗೆ. ತಗೋ, ಹೊಡಿ. ಧಾಂಡಿಗ ಬೀಸಿ ಹೊಡೆದ. ಚೆಂಡು ಮುಗಿಲಿಗೆ ಹೋಗಿ ಬೇಲಿಯ ಹತ್ತಿರ ನಮ್ಮವನ ಕೈಗೇ ಬಂದು ಬಿತ್ತು. ಏಳನೇ ಸುತ್ತಿನಲ್ಲಿ ಮತ್ತೆ ಎಸೆದ, ಇನ್ನೂ ಮೆತ್ತಗೆ. ಆ ಬ್ಯಾಟಿನವನು ಸೀದಾ ಎಲಿಗಿಯೊನ ಎದೆಗೇ ಗುಂಡಿನಂತೆ ಹೊಡೆದ. ತಪ್ಪಿಸಿಕೊಳ್ಳೋಣ, ಚೆಂಡು ಹಿಂದಕ್ಕೆ ಹೋಗಲಿ ಅಂತ ಅವನು ವಾಲಿದ್ದು ನಿಜ. ಆದರೆ ಯಾರೋ ಮೊಣಕೈ ಹಿಡಿದು ಎತ್ತಿದ ಹಾಗೆ ಎಡಗೈ ತಾನೇ ಮೇಲೆದ್ದು ಚೆಂಡು ಹಿಡಿಯಿತು. ಮೈದಾನವೆಲ್ಲ ಹೋ ಅಂದಿತು. ತಿಬುರ್ಸಿಯೊ ಮುಖವಾಡದ ಒಳಗಿಂದ ಅವನನ್ನೇ ದಿಟ್ಟಿಸಿದ. ಆ ಎರಡು ಚೆಂಡು ಏಕೆ ಹಾಗೆ ಬಂದವು ಅಂತ ಕ್ಯಾಚರಿಗೆ ತಿಳಿಯದೇ?

ಎಂಟೂ ಮುಗಿಯಿತು. ಎಲಿಗಿಯೊ ಬೆಂಚಿನ ತುದಿಗೆ ಬಂದು ಕೂತ. ಉಸಿರು ಈಗ ಕಿವಿಯ ಪಕ್ಕದಲ್ಲೇ ಇತ್ತು. ಎಳೆಯುತ್ತಿತ್ತು, ನಿಲ್ಲುತ್ತಿತ್ತು, ನಿಂತಾಗ ಎಲಿಗಿಯೊನ ಉಸಿರೂ ನಿಲ್ಲುತ್ತಿತ್ತು. ಇನ್ನೊಂದೇ ಸುತ್ತು. ಎಸೆದರೆ ಹೆಸರು, ಸರದಿ, ಎಲ್ಲ ಅವನದು. ಹಾಗೆ ನೋಡಿದರೆ ಅವನು ಮಾಡಬೇಕಾದದ್ದು ಇಷ್ಟೇ: ಆ ಕಡೆ ನೋಡದೆ, ಮಾತಾಡದೆ, ಇನ್ನು ಸ್ವಲ್ಪ ಹೊತ್ತು ಕೂರುವುದು. ಹೋದ ವರ್ಷ ಮಾಡಿದ್ದನ್ನೇ ಇನ್ನೊಂದು ಸಲ ಮಾಡುವುದು.

ಅವನ ಕೈಲಾಗಲಿಲ್ಲ. ಎದ್ದು ನಿಂತ.

"ಅವತ್ತು ಅವನು ನನ್ನ ಕರೆದ," ಅಂದ.

ಯಾರೂ ತಿರುಗಲಿಲ್ಲ.

"ನಾನು ಎಂಟು ಮುಗಿಸಿ ಬಂದು ಇಲ್ಲಿ ಕೂತಾಗ ಮಾರ್ಸಿಯಾನೊ ಬದುಕಿದ್ದ. ಟವಲಿನ ಕೆಳಗಿಂದ ಕೈ ಎತ್ತಿದ. ನೋಡಿದೆ ನಾನು. ನೋಡಿ ಮುಖ ತಿರುಗಿಸ್ದೆ. ದಾಮಾರಿಸ್ ಕೇಳಿದ್ರೆ ಇಲ್ಲ ಅಂತ ಸುಳ್ಳು ಹೇಳ್ದೆ. ಕೇಳಿಸ್ತಾ ನಿಮಗೆ?"

ಬೆನ್ನುಗಳು ಅಲ್ಲಾಡಲಿಲ್ಲ. ಹೊರಗೆ ನಮ್ಮವನೊಬ್ಬ ಔಟಾದದ್ದಕ್ಕೆ ಗ್ಯಾಲರಿಯಲ್ಲಿ ಸಣ್ಣ ಗೊಣಗಾಟ. ಕಾಲಿನ ಕವಚ ಬಿಚ್ಚುತ್ತಿದ್ದ ತಿಬುರ್ಸಿಯೊ ಬಿಚ್ಚುವುದನ್ನು ನಿಲ್ಲಿಸಿದ. ತಲೆ ಎತ್ತಲಿಲ್ಲ.

"ನಂಗೂ ಎತ್ತಿದ," ಅಂದ. "ಎರಡು ಸಲ. ದೂರ ಹೋಗು ಅಂತಿದಾನೆ ಅಂದ್ಕೊಂಡೆ. ಹಂಗಂತ ಅಂದ್ಕೊಂಡ್ರೆ ನಿದ್ದೆ ಬರ್ತದಲ್ಲ, ಅದಕ್ಕೆ."

ರಾದಾಮೆಸ್ ಎರಡೂ ಕೈಯಲ್ಲಿ ಟೋಪಿ ಹಿಡಿದು ಹಿಂಡುತ್ತಿದ್ದ. ನಾನೂ ಅಂತ ತಲೆ ಮಾತ್ರ ಆಡಿಸಿದ, ಮೂಗು ಸುರಿಯುತ್ತಿತ್ತು. ಅವನ ಆಚೆಯವನೂ ಆಡಿಸಿದ. ಕೊನೆಗೆ ಮೆಟ್ಟಿಲ ಬಳಿ ನಿಂತಿದ್ದ ದೋನ್ ಇಲಾರಿಯೊ, ಮೈದಾನವನ್ನೇ ನೋಡುತ್ತ, ಅವತ್ತು ಒಬ್ಬ ನೀರು ಕೊಡೋಕೆ ಎದ್ದಿದ್ದ, ನಾನೇ ತೋಳು ಹಿಡಿದು ಕೂರಿಸಿದೆ ಅಂದರು.

ನೋಡಿ ಈ ಗಂಡಸರನ್ನು! ಒಂದು ವರ್ಷ ಒಂದೇ ಬಸ್ಸಿನಲ್ಲಿ ಅಲೆದವರು, ಒಂದೇ ಕಡಾಯಿಯಲ್ಲಿ ಉಂಡವರು, ಒಬ್ಬೊಬ್ಬನೂ ತಾನೊಬ್ಬನೇ ಕಂಡೆ ಅಂತ ಎದೆಯಲ್ಲಿ ಕೆಂಡ ಕಟ್ಟಿಕೊಂಡು ತಿರುಗಿದರು. ಒಬ್ಬನಾದರೂ ಇನ್ನೊಬ್ಬನ ಹತ್ತಿರ ಬಾಯಿ ಬಿಟ್ಟನೇ? ಥೂ. ಸಾಯುತ್ತಿದ್ದವನು ಬೆಂಚಿನುದ್ದಕ್ಕೂ ಒಬ್ಬೊಬ್ಬರನ್ನೇ ಕರೆದಿದ್ದ.

ದೋನ್ ಇಲಾರಿಯೊ ಹತ್ತಿರ ಬಂದರು.

"ಹೋಗಪ್ಪ, ಇದೊಂದು ಸುತ್ತು ಮುಗಿಸಿ ಬಾ. ಆಮೇಲೆ ಎಲ್ಲರೂ ಸೇರಿ ದಾಮಾರಿಸ್ ಮನೆಗೆ ಹೋಗೋಣ."

"ಮುಗಿಸಿ ಬರೋದ್ರೊಳಗೇ ಅಲ್ವಾ ದೋನ್ ಇಲಾರಿಯೊ, ಅವನು ಹೋಗಿದ್ದು?"

ದೋನ್ ಇಲಾರಿಯೊ ದನಿ ತಗ್ಗಿಸಿ, ಈಗ ಹೊರಗೆ ಹೋದರೆ ಸರದಿ ನಿನಗೆ ಉಳಿಸಿಕೊಡುವುದು ನನ್ನಿಂದಾಗದು, ಮಾಲೀಕರು ಕೇಳುತ್ತಾರೆ ಅಂದರು. ಗೊತ್ತು ಅಂದ ಎಲಿಗಿಯೊ. ಕೈಯಲ್ಲಿದ್ದ ಅಭ್ಯಾಸದ ಚೆಂಡನ್ನು ಅವರ ಅಂಗೈಯಲ್ಲಿ ಇಟ್ಟು, ಹಿಂದಿನ ಬಾಗಿಲಿಂದ ಹೊರಬಿದ್ದ.

ಬೀದಿಯಲ್ಲಿ ಸಕ್ಕರೆ ಗಿರಣಿಯ ಕಾಕಂಬಿ ವಾಸನೆ ತುಂಬಿತ್ತು. ಮೊಳೆ ಶೂ ಕಟಕಟ ಅನ್ನಿಸುತ್ತ ಅವನು ನಡೆದ. ಪ್ರತಿ ಮನೆಯಲ್ಲೂ ರೇಡಿಯೊ. ಹರಟುವವನು ಒಂದೇ ಸಮ ತೊದಲುತ್ತಿದ್ದ: ದಿಬ್ಬಕ್ಕೆ ಪ್ಲಾಸಿದೊ ಬರ್ತಿದಾನೆ, ಬ್ರಾಸೊಬಾನ್ ಎಲ್ಲಿ, ಬ್ರಾಸೊಬಾನ್‌ಗೆ ಏನಾಯ್ತು? ಡೊಮಿನೊ ಮೇಜಿನ ಮುದುಕರು ಕಾಯಿ ಕೈಯಲ್ಲಿ ಹಿಡಿದು ಬಾಯಿ ತೆರೆದು ನೋಡಿದರು. ಒಬ್ಬನೂ ತಮಾಷೆ ಮಾಡಲಿಲ್ಲ. ದಾರಿಯುದ್ದಕ್ಕೂ ಎಲಿಗಿಯೊನ ಎಡಗಡೆ ಆ ಉಸಿರು ಅವನ ಹೆಜ್ಜೆಗೆ ಹೆಜ್ಜೆ ಕೂಡಿಸಿ ಬಂತು. ಈ ಸಲ ಅವನು ಅದನ್ನು ತಪ್ಪಿಸಿಕೊಂಡು ಓಡಲಿಲ್ಲ. ಜೊತೆಗೆ ಕರೆದುಕೊಂಡು ಹೋಗುವವನ ಹಾಗೆ ನಿಧಾನಕ್ಕೇ ನಡೆದ.

ದಾಮಾರಿಸ್ ಬಾಗಿಲಲ್ಲೇ ನಿಂತಿದ್ದಳು. ಅವಳ ಮನೆಯಲ್ಲೂ ರೇಡಿಯೊ ಹಾಡುತ್ತಿತ್ತು.

"ಆಟ ಇನ್ನೂ ಮುಗಿದಿಲ್ವಲ್ಲ ಕಂಪಾದ್ರೆ," ಅಂದಳು.

"ಕರೆದಿದ್ದ," ಅಂದ ಎಲಿಗಿಯೊ. ಅಂಗಳದಲ್ಲೇ ನಿಂತು ಹೇಳಿದ. "ಕರೆದಿದ್ದ ಕಮಾದ್ರೆ. ನನ್ನ ಕರೆದ, ಎಲ್ಲರನ್ನೂ ಕರೆದ. ಯಾರೂ ಹೋಗ್ಲಿಲ್ಲ. ಆಟ ಕೆಡ್ತದೆ ಅಂತ ಹೋಗ್ಲಿಲ್ಲ."

ಕೆನ್ನೆಗೆ ಬಾರಿಸುತ್ತಾಳೆ ಅಂತ ಅವನು ಕಾದ. ಬಾರಿಸಲಿ ಅಂತಲೇ ಕಾದ. ದಾಮಾರಿಸ್ ಒಳಗೆ ಹೋಗಿ ರೇಡಿಯೊ ಆರಿಸಿ ಬಂದಳು. ಗೋಡೆಗೆ ಒರಗಿಸಿದ್ದ ಕುರ್ಚಿ ಎಳೆದು ಅವನನ್ನು ಕೂರಿಸಿದಳು, ಎದುರಿಗೆ ತಾನೂ ಕೂತಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

"ಯಾವ ಕೈ?" ಅಂದಳು.

"ಎಡಗೈ."

"ಎಷ್ಟು ಎತ್ತಿದ್ರು? ತೋರಿಸು."

ಎಲಿಗಿಯೊ ಎಡಗೈಯನ್ನು ತೊಡೆಯ ಮೇಲಿಂದ ಮೆಲ್ಲಗೆ ಎತ್ತಿದ. ಹೆಚ್ಚೇನಿಲ್ಲ, ಮೊಣಕಾಲಿಗಿಂತ ಒಂದು ಗೇಣು ಮೇಲೆ. ಬೆರಳುಗಳು ಅರ್ಧ ಬಿಚ್ಚಿದ್ದವು, ಏನನ್ನೋ ಹಿಡಿಯಲು ಚಾಚಿದ ಹಾಗೆ. ಇಳಿಸಬೇಕೆಂದರೂ ಎತ್ತಿದ ಕೈ ಇಳಿಯಲಿಲ್ಲ, ಗಾಳಿಯಲ್ಲಿ ಹಾಗೆಯೇ ನಿಂತಿತ್ತು. ಕಿವಿಯ ಪಕ್ಕದ ಉಸಿರು ಎಳೆಯಿತು, ನಿಂತಿತು.

ದಾಮಾರಿಸ್ ಎರಡೂ ಕೈ ಚಾಚಿ ಆ ಕೈಯನ್ನು ಹಿಡಿದುಕೊಂಡಳು. ಗಟ್ಟಿಯಾಗಿ ಹಿಡಿದುಕೊಂಡು, ಬಂದೆ ಕಣ್ರೀ, ಬಂದೆ, ಅಂದಳು.